ಕಿಡ್ನಿ ಕೊಡು ಎಂದು ಯಾರನ್ನು ಕೇಳುವುದು?

ಲ್ಯಾಬಿನ ಚೀಟಿಯಲ್ಲಿ ಕ್ರಿಯಾಟಿನಿನ್ 1ರಿಂದ 2ಕ್ಕೆ ಏರಿದ್ದನ್ನು ಕಂಡು ಗಾಬರಿಯಾಗುವವರು ಕಡಿಮೆ. ಏರಿದ್ದು ಒಂದೇ ಅಂಕಿ ತಾನೇ ಎಂದುಕೊಂಡು ಚೀಟಿಯನ್ನು ಮಡಚಿಡುತ್ತಾರೆ. ಆದರೆ ಆ ಒಂದು ಅಂಕಿ ಏರುವಷ್ಟರಲ್ಲಿ ಕಿಡ್ನಿಗಳ ಅರ್ಧದಷ್ಟು ಶಕ್ತಿ ಹೋಗಿರುತ್ತದೆ. ಕ್ರಿಯಾಟಿನಿನ್ ನಮ್ಮ ಸ್ನಾಯುಗಳಲ್ಲಿ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹುಟ್ಟುವ ಕಸ. ಬಚ್ಚಲಿಗೆ ನಲ್ಲಿ ನೀರು ಒಂದೇ ಸಮ ಬೀಳುತ್ತಿರುವಾಗ ತೂಬು ಅರ್ಧ ಕಟ್ಟಿಕೊಂಡರೆ ನೀರು ಏರಿ ಮೇಲೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ರಕ್ತದಲ್ಲಿ ಆಗುವುದೂ ಅದೇ. ಕ್ರಿಯಾಟಿನಿನ್ 2ರಿಂದ 4ಕ್ಕೆ ಏರಿದರೆ ಉಳಿದ ಅರ್ಧದಲ್ಲಿ ಅರ್ಧ ಹೋಯಿತು. 4ರಿಂದ 8ಕ್ಕೆ ಏರಿದರೆ ಅದರಲ್ಲೂ ಅರ್ಧ. ಅಂಕಿ ಚಿಕ್ಕದಿರುವಾಗಲೇ ನಷ್ಟ ದೊಡ್ಡದು, ಆಗಲೇ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಣ್ಣಿಗೆ ಬೀಳದಿರಲು ಕಾರಣ ಕಿಡ್ನಿಯ ಧಾರಾಳತನ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳೆಂಬ ಸೂಕ್ಷ್ಮ ಸೋಸುಗಳಿವೆ. ಎರಡೂ ಕಿಡ್ನಿಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ ತೆಗೆದು, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಬಿಟ್ಟು, ಉಳಿದದ್ದನ್ನೆಲ್ಲ ದೇಹಕ್ಕೆ ಮರಳಿಸುತ್ತವೆ. ನಮಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚಿನ ಸಾಮರ್ಥ್ಯ ಇದು. ಹಾಗಾಗಿ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ವರ್ಷಗಟ್ಟಲೆ ನೆಫ್ರಾನ್‌ಗಳನ್ನು ಕೊಲ್ಲುತ್ತಿದ್ದರೂ ಉಳಿದವು ಹೆಚ್ಚುವರಿ ದುಡಿದು ಕೊರತೆಯನ್ನು ಮುಚ್ಚಿಡುತ್ತವೆ. ಕಾಲು ಊದಿ, ಊಟ ಸೇರದೆ, ಉಸಿರು ಕಟ್ಟಿ ಆಸ್ಪತ್ರೆಗೆ ಹೋದಾಗ ಎಷ್ಟೋ ಜನರಲ್ಲಿ ಸೋಸುವ ಶಕ್ತಿ ಶೇ. 15ಕ್ಕಿಂತ ಕೆಳಗಿಳಿದಿರುತ್ತದೆ. ವೈದ್ಯರು ಅದನ್ನು ಐದನೆಯ ಹಂತ ಎನ್ನುತ್ತಾರೆ. ಆರನೆಯ ಹಂತ ಎಂಬುದಿಲ್ಲ.

ಆದರೆ ರೋಗವನ್ನು ಇಷ್ಟು ಕಾಲ ಮುಚ್ಚಿಟ್ಟ ಅದೇ ಧಾರಾಳತನದಿಂದಲೇ ಇನ್ನೊಂದು ದಾರಿಯೂ ತೆರೆದುಕೊಂಡಿದೆ. ಒಂದು ಕಿಡ್ನಿಯಲ್ಲೇ ಬದುಕು ಸಾಗುತ್ತದೆ ಎಂದಮೇಲೆ ಆರೋಗ್ಯವಂತರೊಬ್ಬರು ಇನ್ನೊಂದನ್ನು ಕೊಡಬಹುದು. ಕೊಡಲು ಒಬ್ಬರು ಬೇಕು, ಅಷ್ಟೇ. ಈ ಅಧ್ಯಾಯ ಆ ‘ಅಷ್ಟೇ’ಯನ್ನು ಕುರಿತದ್ದು.

ವಾರದ 168 ಗಂಟೆಗಳಲ್ಲಿ 12

ದಾನಿ ಸಿಗುವವರೆಗೆ ಬದುಕನ್ನು ಹಿಡಿದು ನಿಲ್ಲಿಸುವುದು ಡಯಾಲಿಸಿಸ್. ಅದನ್ನು ಮೊದಲು ಕೈಗೂಡಿಸಿದವರು ಡಚ್ ವೈದ್ಯ ವಿಲ್ಲೆಮ್ ಕೋಲ್ಫ್. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಜರ್ಮನರ ಹಿಡಿತದಲ್ಲಿದ್ದ ನೆದರ್ಲೆಂಡ್ಸಿನ ಕಾಂಪೆನ್ ಪಟ್ಟಣದಲ್ಲಿ ಅವರು ಮರದ ಉರುಳೆಗೆ ಸಾಸೇಜಿನ ಸೆಲ್ಲೋಫೇನ್ ಕೊಳವೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿ ರಕ್ತ ತೊಳೆದರು. ಮೊದಲ ರೋಗಿಗಳಲ್ಲಿ ಬಹುತೇಕ ಎಲ್ಲರೂ ತೀರಿಕೊಂಡರು. 1945ರಲ್ಲಿ 67 ವರ್ಷದ ಹೆಂಗಸೊಬ್ಬರು ಬದುಕುಳಿದರು. ಆದರೂ ಒಂದು ತೊಡಕು ಉಳಿದೇ ಇತ್ತು. ಪ್ರತಿ ಸಲ ಯಂತ್ರಕ್ಕೆ ಜೋಡಿಸುವಾಗಲೂ ಒಂದು ರಕ್ತನಾಳ ಹಾಳಾಗುತ್ತಿದ್ದುದರಿಂದ ಕೆಲವೇ ಸಲ ಡಯಾಲಿಸಿಸ್ ಮಾಡಬಹುದಿತ್ತು. 1960ರಲ್ಲಿ ಅಮೆರಿಕದ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿನಲ್ಲೇ ಉಳಿಯುವ ಟೆಫ್ಲಾನ್ ಕೊಳವೆ ಅಳವಡಿಸಿದರು. 1966ರಲ್ಲಿ ನ್ಯೂಯಾರ್ಕಿನ ಬ್ರೆಶಿಯಾ ಮತ್ತು ಚಿಮಿನೊ ತಂಡದವರು ಹೊರಗಿನ ಕೊಳವೆಯ ಗೊಡವೆಯೇ ಬೇಡವೆಂದು ಮಣಿಕಟ್ಟಿನ ಬಳಿ ಅಪಧಮನಿಯನ್ನು ಅಭಿಧಮನಿಗೆ ಹೊಲಿದು ಜೋಡಿಸುವ ವಿಧಾನವನ್ನು ಪ್ರಕಟಿಸಿದರು. ಇವತ್ತು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ರೋಗಿಗಳ ಬಾಯಲ್ಲಿ ‘ಫಿಸ್ಟುಲಾ’ ಆಗಿರುವುದು ಅದೇ. ಅದರ ಮೇಲೆ ಬೆರಳಿಟ್ಟರೆ ರಕ್ತ ಜುಮ್ಮನೆ ಹರಿಯುವುದು ತಿಳಿಯುತ್ತದೆ. ಆ ಕೈಯಲ್ಲಿ ಬಿ.ಪಿ. ನೋಡುವಂತಿಲ್ಲ, ಭಾರ ಎತ್ತುವಂತಿಲ್ಲ, ಅದನ್ನು ತಲೆಯಡಿ ಇಟ್ಟು ಮಲಗುವಂತಿಲ್ಲ.

ಒಂದು ಸರದಿ ನಾಲ್ಕು ಗಂಟೆಯದು. ವಾರಕ್ಕೆ ಮೂರು ಸರದಿಯಂತೆ 12 ಗಂಟೆ. ನಿಜವಾದ ಕಿಡ್ನಿ ವಾರದ 168 ಗಂಟೆಯೂ ದುಡಿಯುತ್ತದೆ. ಹೀಗಾಗಿ ಎಷ್ಟೇ ಚೆನ್ನಾಗಿ ಮಾಡಿದರೂ ಡಯಾಲಿಸಿಸ್ ಆರೋಗ್ಯವಂತ ಕಿಡ್ನಿಯ ಕೆಲಸದಲ್ಲಿ ಶೇ. 10–15ರಷ್ಟನ್ನು ಮಾತ್ರ ತುಂಬಿಕೊಡುತ್ತದೆ. ಕೆಂಪು ರಕ್ತಕಣ ಹುಟ್ಟಿಸುವ ಎರಿತ್ರೊಪೊಯಿಟಿನ್ ಹಾರ್ಮೋನನ್ನು ಯಂತ್ರ ತಯಾರಿಸಲಾರದು, ಅದಕ್ಕೆ ಇಂಜೆಕ್ಷನ್ ಬೇಕು. ಡಿ ಜೀವಸತ್ವವನ್ನು ಮೂಳೆಗೆ ಒದಗುವ ರೂಪಕ್ಕೆ ತರುವ ಕೆಲಸಕ್ಕೆ ಮಾತ್ರೆ ಬೇಕು. ಸರದಿ ಮುಗಿಸಿ ಎದ್ದಾಗ ಕೆಲವರಿಗೆ ತಲೆ ತಿರುಗುತ್ತದೆ, ಕಾಲಿನ ಸ್ನಾಯು ಹಿಡಿದುಕೊಳ್ಳುತ್ತದೆ, ಅವತ್ತಿನ ಉಳಿದ ಹೊತ್ತೆಲ್ಲ ಹಾಸಿಗೆಗೇ ಹೋಗುತ್ತದೆ.

ನಡುವಿನ ದಿನಗಳು ಲೆಕ್ಕದವು. ಮೂತ್ರ ನಿಂತುಹೋದವರಿಗೆ ಕುಡಿದ ಪ್ರತಿ ಲೋಟವೂ ಮುಂದಿನ ಸರದಿಯವರೆಗೆ ಮೈಯಲ್ಲೇ ಉಳಿಯುವ ಭಾರ. ಆದ್ದರಿಂದ ಸಾರು, ಮಜ್ಜಿಗೆ, ಕಾಫಿ ಎಲ್ಲವೂ ಅಳತೆಯವು. ಬೇರೆಯವರಿಗೆ ಅಮೃತವೆನಿಸುವ ಎಳನೀರಿನ ಪೊಟ್ಯಾಸಿಯಂ ಇವರ ಹೃದಯದ ಬಡಿತವನ್ನೇ ತಪ್ಪಿಸಬಲ್ಲದು. ಬಾಳೆಹಣ್ಣಿಗೂ ಅದೇ ಎಚ್ಚರಿಕೆ. ತರಕಾರಿ ಹೆಚ್ಚಿ, ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಿ ಮತ್ತೆ ಅಡುಗೆಗೆ ಬಳಸುವುದು ಇಂಥ ಮನೆಗಳ ದಿನಚರಿ. ಕಮರಾಕ್ಷಿ ಹಣ್ಣಂತೂ ಕಿಡ್ನಿ ಸೋತವರಿಗೆ ನೇರ ವಿಷ. ಅದರಲ್ಲಿರುವ ಕ್ಯಾರಂಬಾಕ್ಸಿನ್ ಹೊರಹೋಗಲಾರದೆ ಮಿದುಳಿಗೆ ತಾಗಿ, ಬಿಡದ ಬಿಕ್ಕಳಿಕೆಯಿಂದ ಹಿಡಿದು ಫಿಟ್ಸ್‌ವರೆಗೆ ಒಯ್ಯಬಲ್ಲದು. ವಾರಕ್ಕೆ ಮೂರು ಸರದಿಯವರಿಗೆ ಒಂದು ಕಡೆ ಎರಡು ದಿನಗಳ ಬಿಡುವು ಬೀಳುತ್ತದೆ. ಆ ಬಿಡುವು ಮುಗಿಯುವ ದಿನ ಸಾವಿನ ಪ್ರಮಾಣ ಹೆಚ್ಚು ಎಂದು 2011ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ನಮ್ಮಲ್ಲಿ ದೂರ, ಖರ್ಚು, ಯಂತ್ರದ ಅಭಾವಗಳಿಂದಾಗಿ ವಾರಕ್ಕೆ ಎರಡೇ ಸಲ ಮಾಡಿಸಿಕೊಳ್ಳುವವರು ಬಹಳ. 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಸರದಿ ಉಚಿತವಾಯಿತು. ಆದರೆ ಬಸ್ಸಿನ ಖರ್ಚು, ಕೂಲಿಯ ನಷ್ಟ, ಜೊತೆಗೆ ಬರುವವರ ಕೂಲಿಯ ನಷ್ಟ ಯಾವ ಯೋಜನೆಯ ಲೆಕ್ಕಕ್ಕೂ ಸಿಗುವುದಿಲ್ಲ.

ಇಷ್ಟೆಲ್ಲದರ ಕೊನೆಗೆ ವೈದ್ಯರು ಕೇಳುವ ಪ್ರಶ್ನೆ ಒಂದೇ: “ಮನೆಯಲ್ಲಿ ಕೊಡುವವರು ಯಾರಾದರೂ ಇದ್ದಾರಾ?”

ಅವಳಿ ಸಹೋದರನ ಚೀಟಿ

ಈ ಪ್ರಶ್ನೆಗೆ ಮೊದಲು ಉತ್ತರ ಹುಡುಕಿದವರಿಗೆ ಎದುರಾದದ್ದು ದೇಹದ ಹಗೆತನ. 1952ರ ಕ್ರಿಸ್‌ಮಸ್ ಹೊತ್ತಿಗೆ ಪ್ಯಾರಿಸ್ಸಿನ ನೆಕ್ಕರ್ ಆಸ್ಪತ್ರೆಯಲ್ಲಿ, ಅಪಘಾತದಲ್ಲಿ ಇದ್ದೊಂದು ಕಿಡ್ನಿ ಕಳೆದುಕೊಂಡ ಹುಡುಗನಿಗೆ ತಾಯಿಯ ಕಿಡ್ನಿ ಜೋಡಿಸಿದರು. ಅದು ಮೂರು ವಾರ ಚೆನ್ನಾಗಿ ದುಡಿದು ಆಮೇಲೆ ನಿಂತಿತು. ಹೆತ್ತವಳದೇ ಆದರೂ ಮಗನ ರೋಗನಿರೋಧಕ ವ್ಯವಸ್ಥೆಗೆ ಅದು ಪರಕೀಯ. ಹಾಗೇಕೆ ಎಂಬುದನ್ನು ಬ್ರಿಟನ್ನಿನ ಪೀಟರ್ ಮೆಡವಾರ್ ಚರ್ಮದ ಕಸಿಗಳ ಮೂಲಕ ಅದಾಗಲೇ ತೋರಿಸಿದ್ದರು. ತನ್ನದಲ್ಲದ ಅಂಗಾಂಶವನ್ನು ದೇಹ ಗುರುತಿಟ್ಟುಕೊಂಡು ಎರಡನೆಯ ಸಲ ಇನ್ನೂ ಬೇಗ ಹೊಡೆದುಹಾಕುತ್ತದೆ.

ಹಾಗಾದರೆ ‘ತನ್ನದೇ’ ಎನಿಸುವ ಇನ್ನೊಬ್ಬರ ಕಿಡ್ನಿ ಸಿಕ್ಕರೆ? 1954ರಲ್ಲಿ ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಗೆ ಬಂದ ರಿಚರ್ಡ್ ಹೆರಿಕ್‌ಗೆ ರೊನಾಲ್ಡ್ ಎಂಬ ತದ್ರೂಪಿ ಅವಳಿ ಸಹೋದರನಿದ್ದ. ಒಬ್ಬನ ಚರ್ಮದ ತುಣುಕನ್ನು ಇನ್ನೊಬ್ಬನಿಗೆ ಕಸಿ ಮಾಡಿ, ಅದು ಹಿಡಿದುಕೊಂಡದ್ದನ್ನು ನೋಡಿ ವೈದ್ಯರು ಧೈರ್ಯ ಮಾಡಿದರು. ಆದರೂ ಅಳುಕು ಹೋಗಲಿಲ್ಲ. ಆರೋಗ್ಯವಂತನೊಬ್ಬನ ಮೈಯನ್ನು ಅವನಿಗೆ ಯಾವ ಲಾಭವೂ ಇಲ್ಲದೆ ಕೊಯ್ಯುವುದು ವೈದ್ಯಧರ್ಮವೇ ಎಂದು ಅವರು ಹೊರಗಿನ ವೈದ್ಯರು, ಪಾದ್ರಿಗಳು, ವಕೀಲರನ್ನೆಲ್ಲ ಕೇಳಿದ್ದರು. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ರಿಚರ್ಡ್ ಒಂದು ಚೀಟಿ ಬರೆದು ರೊನಾಲ್ಡ್‌ಗೆ ಕಳಿಸಿದ. ಇಲ್ಲಿಂದ ಹೊರಟುಹೋಗು, ಮನೆಗೆ ಹೋಗು ಎಂಬುದು ಅದರ ಸಾರ. ನಾನು ಇಲ್ಲೇ ಇರುವವನು ಎಂದು ರೊನಾಲ್ಡ್ ಮರುಚೀಟಿ ಕಳಿಸಿದ. ಡಿಸೆಂಬರ್ 23ರಂದು ಜೋಸೆಫ್ ಮರ್ರಿ ತಂಡ ಕಿಡ್ನಿ ಜೋಡಿಸಿತು. ರಿಚರ್ಡ್ ತನ್ನನ್ನು ಆರೈಕೆ ಮಾಡಿದ ನರ್ಸ್ ಒಬ್ಬರನ್ನು ಮದುವೆಯಾಗಿ, ಮಕ್ಕಳನ್ನು ಪಡೆದು, ಎಂಟು ವರ್ಷ ಬಾಳಿದ. ರೊನಾಲ್ಡ್ ಮೇಷ್ಟ್ರಾಗಿ 79ನೆಯ ವಯಸ್ಸಿನವರೆಗೆ, 2010ರವರೆಗೆ ಬದುಕಿದ. ಮರ್ರಿಗೆ 1990ರಲ್ಲಿ ನೊಬೆಲ್ ಬಂತು.

ಈ ಕಥೆಯಲ್ಲಿ ವೈದ್ಯಶಾಸ್ತ್ರದ ಇತಿಹಾಸಕಾರರು ಅವಳಿತನವನ್ನು ಎತ್ತಿ ತೋರಿಸುತ್ತಾರೆ. ನನ್ನ ಲೆಕ್ಕದಲ್ಲಿ ಆ ಚೀಟಿಗೂ ಅಷ್ಟೇ ತೂಕ. ಪಡೆಯುವವನು ಕೊಡುವವನಿಗೆ ಬಾಗಿಲು ತೆರೆದಿಟ್ಟ, ಕೊಡುವವನು ತೆರೆದ ಬಾಗಿಲನ್ನು ಕಂಡೂ ನಿಂತ.

ಗಂಡನಿಗೆ ಹೆಂಡತಿಯದು ‘ಮ್ಯಾಚ್’ ಆಗುತ್ತದೆಯೇ?

ತದ್ರೂಪಿ ಅವಳಿ ಎಷ್ಟು ಜನರಿಗಿದ್ದಾರು? ಉಳಿದವರಿಗೆ ದಾರಿ ತೆರೆದದ್ದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳು. 1960ರ ದಶಕದ ಆರಂಭದಲ್ಲಿ ಅಜಥಯೋಪ್ರಿನ್ ಬಂತು. ನಾರ್ವೆಯ ಪ್ರಸ್ಥಭೂಮಿಯ ಮಣ್ಣಿನಲ್ಲಿದ್ದ ಶಿಲೀಂಧ್ರದಿಂದ ಸಿಕ್ಕ ಸೈಕ್ಲೋಸ್ಪೋರಿನ್‌ಗೆ 1983ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾ ಟಾಕ್ರೊಲಿಮಸ್ ಕೊಟ್ಟಿತು. ನಮ್ಮ ದೇಶದಲ್ಲಿ ಕಿಡ್ನಿ ಕಸಿ ಗಟ್ಟಿಯಾಗಿ ನೆಲೆಯೂರಿದ್ದು 1971ರಲ್ಲಿ, ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯಲ್ಲಿ.

‘ಮ್ಯಾಚ್’ ಎಂದು ಜನ ಹೇಳುವುದರಲ್ಲಿ ಮೂರು ಬೇರೆ ಬೇರೆ ಪರೀಕ್ಷೆಗಳು ಸೇರಿಕೊಂಡಿವೆ. ಮೊದಲನೆಯದು ರಕ್ತದ ಗುಂಪು. ‘ಓ’ ಗುಂಪಿನವರು ಯಾರಿಗಾದರೂ ಕೊಡಬಹುದು, ‘ಎಬಿ’ಯವರು ಯಾರಿಂದಲಾದರೂ ಪಡೆಯಬಹುದು. ಪಾಸಿಟಿವ್, ನೆಗೆಟಿವ್ ಎಂಬುದು ಇಲ್ಲಿ ಮುಖ್ಯವಲ್ಲ. ಎರಡನೆಯದು ಎಚ್.ಎಲ್.ಎ., ಅಂದರೆ ಜೀವಕೋಶಗಳ ಮೈಮೇಲಿನ ಗುರುತುಗಳು. ಇವುಗಳ ಜೀನುಗಳು ಆರನೆಯ ವರ್ಣತಂತುವಿನ ಮೇಲೆ ಗುಂಪಾಗಿ ಕುಳಿತು, ಸಾಮಾನ್ಯವಾಗಿ ಇಡೀ ಗುಂಪಾಗಿಯೇ ಮುಂದಿನ ಪೀಳಿಗೆಗೆ ಹೋಗುತ್ತವೆ. ಅಪ್ಪನಿಂದ ಒಂದು ಕಂತೆ, ಅಮ್ಮನಿಂದ ಒಂದು ಕಂತೆ. ಹಾಗಾಗಿ ತಂದೆ ತಾಯಿ ಯಾವಾಗಲೂ ಮಕ್ಕಳಿಗೆ ಅರ್ಧ ಹೊಂದುತ್ತಾರೆ. ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಹೊಂದುವುದು ನಾಲ್ಕರಲ್ಲಿ ಎರಡು, ಏನೂ ಹೊಂದದಿರುವುದು ನಾಲ್ಕರಲ್ಲಿ ಒಂದು. ಮೂರನೆಯದು ಕ್ರಾಸ್‌ಮ್ಯಾಚ್. ಇಲ್ಲಿ ರೋಗಿಯ ರಕ್ತರಸದಲ್ಲಿ ದಾನಿಯ ಕೋಶಗಳನ್ನು ಕೊಲ್ಲುವ ಪ್ರತಿಕಾಯಗಳು ಈಗಾಗಲೇ ಇವೆಯೇ ಎಂದು ನೋಡುತ್ತಾರೆ. ಇದ್ದರೆ ಜೋಡಿಸಿದ ಕಿಡ್ನಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಕಪ್ಪಾಗಬಹುದು.

ಇವುಗಳಲ್ಲಿ ಎಚ್.ಎಲ್.ಎ. ಕುರಿತ ಅಂಜಿಕೆಯನ್ನು 1995ರ ಒಂದು ಅಧ್ಯಯನ ಬಹಳ ಇಳಿಸಿತು. ಲಾಸ್ ಏಂಜಲಿಸ್‌ನ ಪಾಲ್ ತೆರಾಸಾಕಿ ತಂಡ ಅಮೆರಿಕದ ಕಸಿಗಳ ಲೆಕ್ಕ ತೆಗೆಯಿತು. ಮೂರು ವರ್ಷದ ನಂತರವೂ ಕೆಲಸ ಮಾಡುತ್ತಿದ್ದ ಕಿಡ್ನಿಗಳು ಗಂಡ ಅಥವಾ ಹೆಂಡತಿ ಕೊಟ್ಟಿದ್ದರಲ್ಲಿ ಶೇ. 85, ತಂದೆ ತಾಯಿ ಕೊಟ್ಟಿದ್ದರಲ್ಲಿ ಶೇ. 82, ಮೃತರಿಂದ ಪಡೆದಿದ್ದರಲ್ಲಿ ಶೇ. 70. ರಕ್ತಸಂಬಂಧವೇ ಇಲ್ಲದ ದಂಪತಿಗಳ ಕಿಡ್ನಿ ಹೆತ್ತವರದಕ್ಕೆ ಸಮ ಸಮ ನಿಂತಿತ್ತು. ಮಿದುಳು ಸತ್ತ ದೇಹದೊಳಗಿನ ಏರುಪೇರಿಗೆ ಸಿಕ್ಕದೆ, ಮಂಜಿನ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಕಾಯದೆ, ಆರೋಗ್ಯವಂತ ದೇಹದಿಂದ ನೇರವಾಗಿ ಬಂದದ್ದೇ ಅದರ ಬಲ. ರಕ್ತದ ಗುಂಪು ಬೇರೆಯಾದರೂ ಪ್ರತಿಕಾಯಗಳನ್ನು ತೊಳೆದು ಕಸಿ ಮಾಡುವ ವಿಧಾನವೂ ಈಗ ಇದೆ, ಖರ್ಚು ಹೆಚ್ಚು. ಅಂದರೆ ‘ಯಾರದು ಹೊಂದುತ್ತದೆ’ ಎಂಬ ಪ್ರಶ್ನೆಯನ್ನು ವಿಜ್ಞಾನ ಬಹುಮಟ್ಟಿಗೆ ಬಿಡಿಸಿಕೊಟ್ಟಿದೆ. ಮನೆಯವರಲ್ಲಿ ಹೆಚ್ಚಿನವರು ದಾನಿಗಳಾಗಬಲ್ಲರು ಎಂದಾದಾಗ ‘ಯಾರನ್ನು ಕೇಳುವುದು’ ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ.

ಕೊಡುವ ಕೈ ಯಾರದು?

ಭಾರತದಲ್ಲಿ ನಡೆಯುವ ಕಿಡ್ನಿ ಕಸಿಗಳಲ್ಲಿ ಬಹುಪಾಲು ಜೀವಂತ ದಾನಿಗಳದು. ಆ ದಾನಿಗಳಲ್ಲಿ ಬಹುಪಾಲು ಹೆಂಗಸರು: ಹೆಂಡತಿ, ಅಮ್ಮ, ಅಕ್ಕತಂಗಿ. ಪಡೆಯುವವರಲ್ಲಿ ಸುಮಾರು ಐದರಲ್ಲಿ ನಾಲ್ವರು ಗಂಡಸರು.

ಇದರಲ್ಲಿ ಜೀವಶಾಸ್ತ್ರದ ಪಾಲೂ ಸ್ವಲ್ಪ ಇದೆ. ಬಸಿರಿನಲ್ಲಿ ಮಗುವಿನ ಕೋಶಗಳು ತಾಯಿಯ ರಕ್ತಕ್ಕೆ ಸೇರುತ್ತವೆ. ಮಗುವಿನ ಅರ್ಧ ಗುರುತುಗಳು ಅಪ್ಪನವು. ಅವುಗಳ ವಿರುದ್ಧ ತಾಯಿಯಲ್ಲಿ ಪ್ರತಿಕಾಯ ಹುಟ್ಟಬಹುದು, ವರ್ಷಗಳಾದ ಮೇಲೂ ನೆನಪು ಉಳಿಯಬಹುದು. ಆದ್ದರಿಂದ ಹೆಂಡತಿ ಗಂಡನಿಗೆ ಕೊಡುವಾಗ ಇಲ್ಲದ ತೊಡಕು ಗಂಡ ಹೆಂಡತಿಗೆ ಕೊಡುವಾಗ ಎದುರಾಗಬಹುದು. ಮಕ್ಕಳು ಅಮ್ಮನಿಗೆ ಕೊಡುವಾಗಲೂ ಹಾಗೆಯೇ. ಆದರೆ ಇಷ್ಟು ದೊಡ್ಡ ಅಂತರವನ್ನೆಲ್ಲ ಪ್ರತಿಕಾಯಗಳ ತಲೆಗೆ ಕಟ್ಟುವಂತಿಲ್ಲ. ದುಡಿಯುವ ಗಂಡಸಿಗೆ ಕೊಯ್ತ ಬೇಡ, ಮನೆಯಲ್ಲಿರುವವಳು ಹೇಗೂ ಸುಧಾರಿಸಿಕೊಳ್ಳುತ್ತಾಳೆ ಎಂಬ ಲೆಕ್ಕ ಎಷ್ಟೋ ಮನೆಗಳಲ್ಲಿ ಬಾಯಿಬಿಟ್ಟು ಹೇಳದೆಯೇ ನಡೆದುಹೋಗುತ್ತದೆ. ಅವಳನ್ನು ಯಾರೂ ಕೇಳುವುದೇ ಇಲ್ಲ, ಅವಳು ಒಪ್ಪಿದ್ದಾಳೆಂದು ಎಲ್ಲರೂ ಅಂದುಕೊಂಡಿರುತ್ತಾರೆ.

ಕಾನೂನಿಗೂ ಇದು ಗೊತ್ತು. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರನ್ನು ಹತ್ತಿರದ ಸಂಬಂಧಿಗಳೆಂದು ಹೆಸರಿಸಿತು. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. ಇವರಲ್ಲದೆ ಬೇರೆ ಯಾರೇ ಕೊಡಬೇಕಾದರೂ ಅಧಿಕೃತ ಸಮಿತಿಯ ಮುಂದೆ ಹಾಜರಾಗಿ, ಹಣದ ವ್ಯವಹಾರ ಇಲ್ಲವೆಂದು ಮನಗಾಣಿಸಬೇಕು. ದಾನಿ ಹೆಂಗಸಾದರೆ ಅವಳ ಸ್ವತಂತ್ರ ಒಪ್ಪಿಗೆಯನ್ನು ಕಿಡ್ನಿ ಪಡೆಯುವವರನ್ನು ಬಿಟ್ಟು ಬೇರೊಬ್ಬರಿಂದ ಖಚಿತಪಡಿಸಿಕೊಳ್ಳಬೇಕು ಎಂದು 2014ರ ನಿಯಮಗಳು ಹೇಳುತ್ತವೆ.

ಕಾಯ್ದೆ ಇಷ್ಟು ಬಿಗಿಯಾಗಲು ಕಾರಣವಿತ್ತು. ಅದಕ್ಕೆ ಮುಂಚೆ ಚೆನ್ನೈ, ಮುಂಬೈ, ಬೆಂಗಳೂರು ಕಿಡ್ನಿ ವ್ಯಾಪಾರಕ್ಕೆ ಕುಖ್ಯಾತವಾಗಿದ್ದವು. ಚೆನ್ನೈನಲ್ಲಿ ಕಿಡ್ನಿ ಮಾರಿದ 305 ಜನರನ್ನು ಮಾತಾಡಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 96 ಮಂದಿ ಮಾರಿದ್ದು ಸಾಲ ತೀರಿಸಲು. ಮಾರಿದ ಮೇಲೂ ಮುಕ್ಕಾಲು ಪಾಲು ಜನ ಸಾಲದಲ್ಲೇ ಇದ್ದರು. ಕುಟುಂಬದ ಸರಾಸರಿ ಆದಾಯ ಮೂರನೆಯ ಒಂದರಷ್ಟು ಇಳಿದಿತ್ತು. ಶೇ. 79 ಮಂದಿ, ಬೇರೆ ಯಾರೂ ಹೀಗೆ ಮಾಡಬಾರದು ಎಂದರು. ಬಡತನ ಕೇಳಿದಾಗ ‘ಒಲ್ಲೆ’ ಎನ್ನುವ ಶಕ್ತಿ ಯಾರಿಗೂ ಇರುವುದಿಲ್ಲ ಎಂಬುದನ್ನು ಆ ಅಂಕಿಗಳು ತೋರಿಸುತ್ತವೆ. ಸಂಸಾರದಲ್ಲೂ ಅಂಥ ಶಕ್ತಿ ಇಲ್ಲದವರಿರುತ್ತಾರೆ ಎಂಬುದನ್ನು ನಾವು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಕೊಟ್ಟವರಿಗೆ ಏನಾಗುತ್ತದೆ?

ಒಲ್ಲೆ ಎನ್ನಲು, ಅಥವಾ ತಿಳಿದು ಹೂಂ ಎನ್ನಲು, ದಾನಿಗೆ ನಿಜ ಗೊತ್ತಿರಬೇಕು. 1995ರಿಂದ ಕಿಡ್ನಿಯನ್ನು ಲ್ಯಾಪರೋಸ್ಕೋಪಿಯ ಸಣ್ಣ ತೂತುಗಳ ಮೂಲಕ ಬಿಡಿಸಿ ತೆಗೆಯುವುದು ಸಾಧ್ಯವಾಗಿದೆ. ಕೆಲವೇ ದಿನಗಳಲ್ಲಿ ದಾನಿ ಮನೆಗೆ ಹೋಗುತ್ತಾರೆ. ಉಳಿದ ಕಿಡ್ನಿ ಹಿಗ್ಗಿ, ಮೊದಲು ಎರಡೂ ಸೇರಿ ಮಾಡುತ್ತಿದ್ದ ಕೆಲಸದ ಸುಮಾರು ಶೇ. 70ರಷ್ಟನ್ನು ಒಂದೇ ಮಾಡತೊಡಗುತ್ತದೆ. ಶಸ್ತ್ರಚಿಕಿತ್ಸೆಯಿಂದ ಸಾವಿನ ಅಪಾಯ ಹತ್ತು ಸಾವಿರ ದಾನಿಗಳಲ್ಲಿ ಸುಮಾರು ಮೂವರಿಗೆ ಎಂದು 2010ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಈಚೆಗೆ ಅದು ಇನ್ನೂ ಇಳಿದಿದೆ. ಮುಂದೆ ದಾನಿಯ ಕಿಡ್ನಿಯೇ ಸೋಲುವ ಅಪಾಯದ ಬಗ್ಗೆ 2014ರಲ್ಲಿ ಅಲ್ಲಿಂದಲೇ ಬಂದ ಅಂದಾಜು ಹೀಗಿದೆ: ಇಡೀ ಜೀವಮಾನದಲ್ಲಿ ಹತ್ತು ಸಾವಿರ ದಾನಿಗಳಲ್ಲಿ 90 ಮಂದಿಗೆ, ಅವರಷ್ಟೇ ಆರೋಗ್ಯವಿದ್ದೂ ದಾನ ಮಾಡದವರಲ್ಲಿ 14 ಮಂದಿಗೆ, ಆಯ್ಕೆ ಮಾಡದ ಸಾಮಾನ್ಯ ಜನರಲ್ಲಿ 326 ಮಂದಿಗೆ. ದಾನಿಗಳು ಸಾಮಾನ್ಯ ಜನರಿಗಿಂತ ಸುರಕ್ಷಿತ, ಏಕೆಂದರೆ ಗಟ್ಟಿಮುಟ್ಟಾದವರನ್ನೇ ಆರಿಸಿರುತ್ತಾರೆ. ಆದರೆ ದಾನ ಮಾಡದಿದ್ದರೆ ಇನ್ನೂ ಸುರಕ್ಷಿತವಾಗಿರುತ್ತಿದ್ದರು. ಅಪಾಯ ಸಣ್ಣದು, ಆದರೆ ಸೊನ್ನೆಯಲ್ಲ. ವರ್ಷಕ್ಕೊಮ್ಮೆ ಬಿ.ಪಿ., ಮೂತ್ರ, ಕ್ರಿಯಾಟಿನಿನ್ ನೋಡಿಸಿಕೊಳ್ಳುವ ಖರ್ಚನ್ನು ಯಾರು ಹೊರುತ್ತಾರೆ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಬೇಕು.

ಪಡೆಯುವವರಿಗೂ ಇದು ಮುಗಿದ ಕಥೆಯಲ್ಲ. ಹೊಸ ಕಿಡ್ನಿಯನ್ನು ಹಳೆಯದರ ಜಾಗದಲ್ಲಿ ಇಡುವುದಿಲ್ಲ, ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಕೂರಿಸುತ್ತಾರೆ. ಜೀವನವಿಡೀ ಮಾತ್ರೆ ತಪ್ಪಿಸುವಂತಿಲ್ಲ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಸೋಂಕಿಗೆ ಹೆದರಬೇಕು. ಜೀವಂತ ದಾನಿಯ ಕಿಡ್ನಿ ಹದಿನೈದು, ಇಪ್ಪತ್ತು ವರ್ಷ ಬರಬಹುದು. ಆಮೇಲೆ ಮತ್ತೆ ಅದೇ ಪ್ರಶ್ನೆ.

ಕೇಳುವ ಮಾತು

ಕಿಡ್ನಿ ಬೇಕಾದವರಲ್ಲಿ ಬಹಳ ಮಂದಿ ಬಾಯಿಬಿಟ್ಟು ಕೇಳುವುದೇ ಇಲ್ಲ. ತಂಗಿಯನ್ನು ಕೇಳಿದರೆ ಭಾವ ಏನೆಂದುಕೊಂಡಾರು? ಮಗನನ್ನು ಕೇಳುವುದು ತಂದೆಯಾದವನ ಕೆಲಸವೇ? ತಮ್ಮ ಇಲ್ಲವೆಂದರೆ ಮುಂದಿನ ಹಬ್ಬಕ್ಕೆ ಮುಖ ನೋಡುವುದು ಹೇಗೆ? ಹೂಂ ಎಂದರೂ ಸಾಯುವತನಕ ಅವನ ಹಂಗಿನಲ್ಲಿ ಇರಬೇಕಲ್ಲ? ಕಸಿ ಪಡೆದವರ ನಡುವೆ ವರ್ಷಗಟ್ಟಲೆ ಓಡಾಡಿದ ಅಮೆರಿಕದ ಸಮಾಜಶಾಸ್ತ್ರಜ್ಞೆ ರೆನೀ ಫಾಕ್ಸ್ ಮತ್ತು ಅವರ ಸಹೋದ್ಯೋಗಿ ಜೂಡಿತ್ ಸ್ವೇಜಿ, ತೀರಿಸಲಾಗದ ಈ ಋಣ ಇಬ್ಬರನ್ನೂ ಹೇಗೆ ಹಿಂಡುತ್ತದೆ ಎಂದು ವಿವರವಾಗಿ ಬರೆದಿದ್ದಾರೆ.

ಇದಕ್ಕೆ ಆಸ್ಪತ್ರೆಗಳು ಕಂಡುಕೊಂಡ ಉಪಾಯಗಳು ಪ್ರಯೋಗಶಾಲೆಯವಲ್ಲ, ವ್ಯವಹಾರದವು. ದಾನಿಯನ್ನು ಒಬ್ಬರೇ ಕೂರಿಸಿ ಮಾತಾಡಿಸುತ್ತಾರೆ. ಅವರಿಗೆ ಮನಸ್ಸಿಲ್ಲವೆಂದು ತಿಳಿದರೆ ಎಷ್ಟೋ ವೈದ್ಯರು ‘ಇವರು ದಾನಕ್ಕೆ ತಕ್ಕವರಲ್ಲ’ ಎಂದಷ್ಟೇ ಮನೆಯವರಿಗೆ ಹೇಳಿ, ಕಾರಣವನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಕೊಡುವ ಮನಸ್ಸಿದ್ದೂ ರಕ್ತದ ಗುಂಪು ಹೊಂದದಿದ್ದರೆ, ಅದೇ ಕಷ್ಟದಲ್ಲಿರುವ ಇನ್ನೊಂದು ಜೋಡಿಯ ಜೊತೆ ದಾನಿಗಳನ್ನು ಅದಲುಬದಲು ಮಾಡಿಕೊಳ್ಳಬಹುದು. 1986ರಲ್ಲಿ ಮೊಳೆತ ಈ ಯೋಚನೆಗೆ ಗಣಿತದ ಚೌಕಟ್ಟು ಕಟ್ಟಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್‌ಗೆ 2012ರ ಅರ್ಥಶಾಸ್ತ್ರದ ನೊಬೆಲ್ ಸಿಕ್ಕಿತು. ನಮ್ಮಲ್ಲಿ 2011ರ ತಿದ್ದುಪಡಿ ಇದಕ್ಕೆ ಅವಕಾಶ ಕೊಟ್ಟಿದೆ. ಅಹಮದಾಬಾದಿನ ಕಿಡ್ನಿ ಸಂಸ್ಥೆ ಇದರಲ್ಲಿ ಮುಂದಿದೆ. ಮನೆಯೊಳಗೆ ಯಾರೂ ಇಲ್ಲದವರು ಮೃತ ದಾನಿಗಾಗಿ ಹೆಸರು ಬರೆಸಬೇಕು. ಕರ್ನಾಟಕದಲ್ಲಿ ಆ ಸರದಿಯನ್ನು ನೋಡಿಕೊಳ್ಳುವುದು ‘ಜೀವಸಾರ್ಥಕತೆ’. ಮಿದುಳು ಸತ್ತ ಒಬ್ಬರ ಎರಡು ಕಿಡ್ನಿಗಳು ಎರಡು ಸಂಸಾರಗಳನ್ನು ಈ ಕೇಳುವ ಸಂಕಟದಿಂದ ಪಾರುಮಾಡುತ್ತವೆ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯವರು 2012ರಲ್ಲಿ ಇನ್ನೊಂದು ಸರಳ ಪ್ರಯೋಗವನ್ನು ವರದಿ ಮಾಡಿದರು. ಕೇಳುವ ಹೊಣೆಯನ್ನು ರೋಗಿಯಿಂದ ತೆಗೆದು, ಅವರ ಗೆಳೆಯರಿಗೋ ನೆಂಟರಿಗೋ ವಹಿಸುವುದು. ಹಾಗೆ ಒಪ್ಪಿಕೊಂಡವರಿಗೆ ಕಾಯಿಲೆ, ಕಸಿ, ದಾನಿಯ ಅಪಾಯ ಎಲ್ಲವನ್ನೂ ಕಲಿಸಿ ಕಳಿಸಿದರು. ರೋಗಿಗಳೇ ಕೇಳುವುದಕ್ಕಿಂತ ಇದರಿಂದ ಹೆಚ್ಚು ದಾನಿಗಳು ಮುಂದೆ ಬಂದರು. ನಮ್ಮಲ್ಲಿ ಮದುವೆ ಮಾತುಕತೆಗೆ, ಆಸ್ತಿಯ ಪಾಲಿಗೆ ನಡುವೆ ಕೂರುವ ಹಿರಿಯರೊಬ್ಬರು ಯಾವಾಗಲೂ ಇದ್ದಾರೆ. ಅವರು ಈ ಕೆಲಸವನ್ನೂ ಮಾಡಬಲ್ಲರು. ಆದರೆ ಒಂದು ಷರತ್ತು. ಅವರು ಹೋಗುವುದು ಒಪ್ಪಿಸಲಿಕ್ಕಲ್ಲ, ತಿಳಿಸಲಿಕ್ಕೆ. ಹತ್ತು ಸಾವಿರದಲ್ಲಿ ತೊಂಬತ್ತು ಎಂಬ ಅಂಕಿಯನ್ನೂ ಹೇಳಬೇಕು, ಬೇಡ ಎಂದರೂ ಸಂಬಂಧ ಕೆಡುವುದಿಲ್ಲ ಎಂಬ ಮಾತನ್ನೂ ರೋಗಿಯ ಪರವಾಗಿ ಕೊಡಬೇಕು. ಮನೆಯ ಹೆಂಗಸರ ಜೊತೆಗೆ ಗಂಡಸರನ್ನೂ ಕೂರಿಸಿಕೊಂಡು ಹೇಳಬೇಕು. ಬೇಡ ಎನ್ನಲು ಜಾಗ ಉಳಿದಿರುವ ಮನೆಯಲ್ಲಿ ಮಾತ್ರ ‘ಕೊಡುತ್ತೇನೆ’ ಎಂಬ ಮಾತಿಗೆ ದಾನ ಎಂಬ ಹೆಸರು ಒಪ್ಪುತ್ತದೆ.